ಅಂಗೈಯಲ್ಲಿ ಮಾತಾಡಿದ ಟೀಚರ್

ಕೇಳುಗರಿಗೆ ನಮಸ್ಕಾರ.

ಕೈ ಬಿಡುವಾಗಿದ್ದರೆ ಒಂದು ಅಂಗೈ ಬಿಚ್ಚಿ ಹಿಡಿಯಿರಿ. ಅದರೊಳಗೆ ಇನ್ನೊಬ್ಬರ ಬೆರಳುಗಳು ಬಂದು, ಒಮ್ಮೆ ಮಡಚಿಕೊಂಡು, ಒಮ್ಮೆ ನೆಟ್ಟಗಾಗಿ, ಒಂದೊಂದು ಭಂಗಿಗೆ ಒಂದೊಂದು ಅಕ್ಷರ ಹೇಳುತ್ತಿವೆ ಅಂದುಕೊಳ್ಳಿ. ನಾನು ಈಗ ಆಡುತ್ತಿರುವ ಮಾತಷ್ಟನ್ನೂ ಹಾಗೆ ಅಕ್ಷರ ಬಿಡಿಸಿ ಬಿಡಿಸಿ ಅಂಗೈಗೆ ದಾಟಿಸಬೇಕು. ಅರ್ಧ ದಾರಿಗೇ ಕೈ ಸೋತುಹೋಗುತ್ತದೆ, ಅಲ್ವಾ? ಒಬ್ಬ ಹೆಂಗಸು ಈ ಕೆಲಸವನ್ನು ಹೆಚ್ಚುಕಡಿಮೆ 49 ವರ್ಷ ಮಾಡಿದರು. ಅವರ ಹೆಸರು ಆ್ಯನ್ ಸಲಿವನ್.

ಕಣ್ಣು, ಕಿವಿ ಎರಡೂ ಇಲ್ಲದೆ ಓದಿ ಹೆಸರಾದ ಹೆಲೆನ್ ಕೆಲ್ಲರ್ ನಿಮಗೆಲ್ಲ ಗೊತ್ತೇ ಇದೆ. ಅವರ ಟೀಚರ್ ಆ್ಯನ್ ಹೆಸರು ಆ ಕಥೆಯೊಳಗೆ ಒಂದೆರಡು ಸಾಲಲ್ಲಿ ಬಂದು ಹೋಗುತ್ತದೆ. ಇವತ್ತು ಅವರ ಬಗ್ಗೆಯೇ ಮಾತಾಡೋಣ.

ಆ್ಯನ್ ಹುಟ್ಟಿದ್ದು 1866ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದ ಬಡ ಮನೆ. ಐದು ವರ್ಷಕ್ಕೇ ಟ್ರಕೋಮಾ ಅನ್ನುವ ಕಣ್ಣಿನ ಸೋಂಕು ಬಂದು ಕಣ್ಣು ಮಂಜಾಯಿತು. ಅಮ್ಮ ತೀರಿಕೊಂಡರು. ಅಪ್ಪ ಮಕ್ಕಳ ಕೈಬಿಟ್ಟರು. 1876ರಲ್ಲಿ ಅವಳನ್ನೂ ಅವಳ ಪುಟ್ಟ ತಮ್ಮ ಜಿಮ್ಮಿಯನ್ನೂ ಟ್ಯೂಕ್ಸ್‌ಬರಿ ಎಂಬಲ್ಲಿ ದಿಕ್ಕಿಲ್ಲದವರನ್ನು ಇಡುತ್ತಿದ್ದ ಸರ್ಕಾರಿ ಆಶ್ರಮಕ್ಕೆ ಸೇರಿಸಿದರು. ಕೆಲವೇ ತಿಂಗಳಲ್ಲಿ ತಮ್ಮನೂ ಹೋದ.

ಅಲ್ಲಿ ನಾಲ್ಕು ವರ್ಷ ಕಳೆಯಿತು. ಕಣ್ಣು ಕಾಣದ ಮಕ್ಕಳಿಗೂ ಶಾಲೆ ಇದೆಯಂತೆ ಅಂತ ಅಲ್ಲೇ ಯಾರದೋ ಬಾಯಲ್ಲಿ ಕೇಳಿದಳು. ಒಂದು ದಿನ ತಪಾಸಣೆಗೆ ಅಧಿಕಾರಿಗಳು ಬಂದರು. ಅವರಲ್ಲಿ ದೊಡ್ಡವರು ಯಾರು ಅಂತ ಈ ಹುಡುಗಿಗೆ ಕಾಣಿಸುತ್ತಿರಲಿಲ್ಲ. ಗುಂಪಿನ ಹಿಂದೆಯೇ ಹೋಗಿ, ಇನ್ನೇನು ಅವರು ಹೊರಟೇಬಿಡುತ್ತಾರೆ ಅನ್ನುವಾಗ, ನಾನು ಶಾಲೆಗೆ ಹೋಗಬೇಕು ಅಂತ ಕೂಗಿಬಿಟ್ಟಳು. 1880ರ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಗೆ ಸೇರಿದಳು. ಆಗ ವಯಸ್ಸು 14. ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಆರು ವರ್ಷ ಬಿಟ್ಟು ತರಗತಿಗೇ ಮೊದಲಿಗಳಾಗಿ ಹೊರಬಂದಳು. ಮಧ್ಯೆ ಆಪರೇಷನ್ ಆಗಿ ಕಣ್ಣು ಸ್ವಲ್ಪ ತಿಳಿಯಾಗಿತ್ತು.

ಅದೇ ಶಾಲೆಯಲ್ಲಿ ಲಾರಾ ಬ್ರಿಡ್ಜ್‌ಮನ್ ಇದ್ದರು. ಕಣ್ಣು, ಕಿವಿ ಎರಡೂ ಇಲ್ಲದಿದ್ದರೂ ಭಾಷೆ ಕಲಿತವರು. ಅವರ ಜೊತೆ ಹರಟೆ ಹೊಡೆಯುವುದಕ್ಕೆ ಅಂತಲೇ ಆ್ಯನ್ ಬೆರಳಕ್ಷರ ಕಲಿತಿದ್ದರು. ಅದೇ ಮುಂದೆ ಅನ್ನದ ದಾರಿ ಆಯಿತು.

1887ರ ಮಾರ್ಚ್ 3ರಂದು ಆ್ಯನ್, ಹೆಲೆನ್‌ಗೆ ಪಾಠ ಹೇಳಲು ಅಲಬಾಮಾದ ಟಸ್ಕಂಬಿಯಾ ಊರಿಗೆ ಬಂದಿಳಿದರು. ವಯಸ್ಸು ಇನ್ನೂ 20. ಟೀಚರ್ ಟ್ರೈನಿಂಗ್ ಅಂತ ಏನೂ ಇಲ್ಲ. ಪರ್ಕಿನ್ಸ್ ಮಕ್ಕಳು ಕೊಟ್ಟ ಒಂದು ಗೊಂಬೆ ಕೈಯಲ್ಲಿತ್ತು. ಅದರ ಬಟ್ಟೆ ಹೊಲಿದವರು ಲಾರಾ.

ಹೆಲೆನ್‌ಗೆ ಆಗ ಏಳು ತುಂಬಿರಲಿಲ್ಲ. 19 ತಿಂಗಳಲ್ಲೇ ಕಾಯಿಲೆ ಬಂದು ನೋಟವೂ ಹೋಗಿತ್ತು, ಕೇಳುವುದೂ ಹೋಗಿತ್ತು. ಪಾಪದ ಮಗು ಅಂತ ಮನೆಯವರು ಯಾವುದಕ್ಕೂ ತಡೆದವರಲ್ಲ. ಊಟಕ್ಕೆ ಕೂತರೆ ಎಲ್ಲರ ತಟ್ಟೆಗೂ ಕೈ ಹಾಕುತ್ತಿದ್ದಳು. ಟೀಚರ್‌ನ ಮುಂಭಾಗದ ಒಂದು ಹಲ್ಲನ್ನೇ ಉದುರಿಸಿದಳು. ಒಂದು ದಿನ ಅವರನ್ನು ರೂಮಿನೊಳಗೆ ಕೂಡಿ, ಬೀಗ ಹಾಕಿ, ಕೀಲಿ ಬಚ್ಚಿಟ್ಟಳು. ಕೊನೆಗೆ ಹುಡುಗಿಯ ಅಪ್ಪ ಏಣಿ ತಂದು ಕಿಟಕಿಯಿಂದ ಟೀಚರನ್ನು ಇಳಿಸಬೇಕಾಯಿತು. ನಾನಾಗಿದ್ದರೆ ಏಣಿ ಇಳಿದವಳು ನೇರ ರೈಲ್ವೆ ಸ್ಟೇಷನ್ನಿಗೆ ಹೋಗುತ್ತಿದ್ದೆ!

ಆ್ಯನ್ ಹೋಗಲಿಲ್ಲ. ಒಂದು ಬೆಳಿಗ್ಗೆ ತಿಂಡಿ ಹೊತ್ತಿಗೆ ಮನೆಯವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಚಮಚ ಹಿಡಿದು ತನ್ನ ತಟ್ಟೆಯದನ್ನೇ ತಿನ್ನಬೇಕು, ಆಮೇಲೆ ಕೈ ಒರೆಸುವ ಬಟ್ಟೆ ಮಡಚಿ ಇಡಬೇಕು. ಅಷ್ಟಕ್ಕೇ ದೊಡ್ಡ ಜಗಳ. ಗೆದ್ದ ಮೇಲೆ ಟೀಚರ್ ತಮ್ಮ ರೂಮಿಗೆ ಹೋಗಿ ಅತ್ತರು. ಮನೆಯವರ ಮರುಕದ ನಡುವೆ ಏನೂ ಆಗದು ಅನ್ನಿಸಿತು. ತೋಟದ ಪುಟ್ಟ ಮನೆಯಲ್ಲಿ ಇಬ್ಬರೇ ಇರುತ್ತೇವೆ ಅಂತ ಕೇಳಿದರು. ದೂರ ಹೋದೆ ಅಂತ ಹುಡುಗಿ ನಂಬಲಿ ಎಂದು ಗಾಡಿಯಲ್ಲಿ ಊರೆಲ್ಲ ಸುತ್ತಿಸಿ, ಅಲ್ಲೇ ತಂದು ಇಳಿಸಿದರು.

ಏಪ್ರಿಲ್ 5ರ ಕೈಪಂಪಿನ ಕಥೆ ನಿಮಗೆ ಗೊತ್ತು. ಒಂದು ಕೈ ಮೇಲೆ ನೀರು, ಇನ್ನೊಂದು ಕೈಯಲ್ಲಿ ‘ವಾಟರ್’ ಅನ್ನುವ ಅಕ್ಷರಗಳು. ಪ್ರತಿ ವಸ್ತುವಿಗೂ ಹೆಸರಿದೆ ಅಂತ ಆವತ್ತು ಹೆಲೆನ್‌ಗೆ ಹೊಳೆಯಿತು. ಕೆಲವೇ ಗಂಟೆಗಳಲ್ಲಿ 30 ಪದ ಕಲಿತಳು. ತಿರುಗಿ ಆ್ಯನ್ ಕಡೆಗೇ ಬೆರಳು ತೋರಿಸಿದಳು. ನೀನು ಯಾರು? ಅಂಗೈಗೆ ಉತ್ತರ ಬಂತು: ಟೀಚರ್.

ಕಥೆ ಹೇಳುವವರೆಲ್ಲ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಪಂಪಿಗಿಂತ ಅದರ ಮರುವಾರವೇ ದೊಡ್ಡದು ಅನ್ನಿಸುತ್ತದೆ. ಆ ಮನೆಗೆ ಹೆಲೆನ್‌ಳ ನೆಂಟರ ಒಂದು ಮಗು ಬರುತ್ತಿತ್ತು. ಸುಮಾರು 15 ತಿಂಗಳಿನದು. ಆ್ಯನ್ ಅದನ್ನೇ ನೋಡುತ್ತಾ ಕೂತರು. ಮೂಗೆಲ್ಲಿ ಅಂದರೆ ಮೂಗು ಮುಟ್ಟುತ್ತದೆ. ಬಾಗಿಲು ಹಾಕು ಅಂದರೆ ಓಡುತ್ತದೆ. ಅದಕ್ಕೆ ಯಾರೂ ದಿನಕ್ಕಿಷ್ಟು ಪದ ಅಂತ ಪಾಠ ಮಾಡಿಲ್ಲ. ಮಾತು ಸುಮ್ನೆ ಸುತ್ತಲೂ ಹರಿಯುತ್ತಿದೆ, ಅದು ಹೀರಿಕೊಳ್ಳುತ್ತಿದೆ. ಹಾಗಾದರೆ ಹೆಲೆನ್‌ಗೂ ಹೀಗೇ ಆಗಲಿ, ಮಗುವಿನ ಕಿವಿಗೆ ಮಾತಾಡಿದಂತೆ ಇವಳ ಅಂಗೈಗೆ ಮಾತಾಡುತ್ತೇನೆ ಅಂತ ತೀರ್ಮಾನಿಸಿದರು. ಇಷ್ಟು ಹೊತ್ತು ಇದೇ ಪಾಠ ಅನ್ನುವುದನ್ನು ಬಿಟ್ಟರು. ಬಿಡಿ ಪದಗಳಲ್ಲ, ಪೂರ್ತಿ ವಾಕ್ಯಗಳು. ಅರ್ಥ ಆಗದಿದ್ದರೂ ಪರವಾಗಿಲ್ಲ. ತೋಟದಲ್ಲಿ, ನದಿ ದಂಡೆಯಲ್ಲಿ, ದಿನವಿಡೀ.

ಸಿಟ್ಟು ಅವರಿಗೆ ಜಾಸ್ತಿಯೇ ಇತ್ತು. ಹಟವೂ ಇತ್ತು. ಶಾಂತ ಮೂರ್ತಿ ಅಂತ ಚಿತ್ರ ಬರೆದರೆ ಅದು ಆ್ಯನ್ ಅಲ್ಲ.

1900ರಲ್ಲಿ ಹೆಲೆನ್ ರ‍್ಯಾಡ್‌ಕ್ಲಿಫ್ ಕಾಲೇಜು ಸೇರಿದಾಗ ಪಕ್ಕದ ಕುರ್ಚಿಯಲ್ಲಿ ಆ್ಯನ್. ಮೇಷ್ಟ್ರು ಹೇಳಿದ್ದೆಲ್ಲ ಅಂಗೈಗೆ. ಬ್ರೈಲ್‌ನಲ್ಲಿ ಇಲ್ಲದ ಪುಸ್ತಕಗಳೂ ಅಂಗೈಗೆ, ಅದೂ ಆ ಮಂಜುಗಣ್ಣಲ್ಲಿ ಗಂಟೆಗಟ್ಟಲೆ ಓದಿ. 1904ರಲ್ಲಿ ಪದವಿ ಬಂತು. ಕಲಿತವರು ಇಬ್ಬರು, ಪದವಿ ಒಬ್ಬರಿಗೆ.

ಕೊನೆಗಾಲಕ್ಕೆ ಆ್ಯನ್‌ಗೆ ಕಣ್ಣು ಪೂರ್ತಿ ಹೋಯಿತು. 1936ರ ಅಕ್ಟೋಬರ್ 20ರಂದು ತೀರಿಕೊಂಡಾಗ ಅವರ ಕೈ ಹೆಲೆನ್ ಕೈಯಲ್ಲಿತ್ತು.

ಇಬ್ಬರ ಚಿತಾಭಸ್ಮವೂ ವಾಷಿಂಗ್ಟನ್ನಿನ ನ್ಯಾಷನಲ್ ಕೆಥೆಡ್ರಲ್‌ನಲ್ಲಿದೆ. ಅಲ್ಲಿನ ಕಂಚಿನ ಫಲಕದಲ್ಲಿ ಬ್ರೈಲ್ ಚುಕ್ಕೆಗಳೂ ಇವೆ. ಬಂದವರು ಬೆರಳಾಡಿಸಿ ಓದುತ್ತಾರೆ. ಆ್ಯನ್ ಬಗ್ಗೆ ಅದರಲ್ಲಿ ಬರೆದಿರುವುದು ಹೆಲೆನ್‌ರ ಜೀವನದ ಸಂಗಾತಿ ಅಂತ. ಹೆಲೆನ್ ಮಾತ್ರ ಕೊನೆಯವರೆಗೂ ಅವರನ್ನು ಕರೆದದ್ದು ಪಂಪಿನ ಹತ್ತಿರ ಆವತ್ತು ಅಂಗೈಗೆ ಸಿಕ್ಕ ಹೆಸರಿನಿಂದಲೇ.

ನಮಸ್ಕಾರ.