ಮಗಳ ಹೆಸರಿನಲ್ಲಿ ಉಳಿದ ವಂಶ: ಲೂಯಿ ಎಬೇರನ ಜಾಡು ಹಿಡಿದು

ಕೇಳುಗರಿಗೆ ನಮಸ್ಕಾರ.

ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ತಮ್ಮ ವಂಶದ ಮೂಲವನ್ನು ಹುಡುಕಹೊರಟವರಿಗೆ ಮತ್ತೆ ಮತ್ತೆ ಎದುರಾಗುವ ಹೆಸರು ಲೂಯಿ ಎಬೇರ್. ಪ್ಯಾರಿಸ್ಸಿನಲ್ಲಿ ಔಷಧಿ ತಯಾರಿಸಿ ಮಾರುತ್ತಿದ್ದ ಈತ 1617ರಲ್ಲಿ ಹೆಂಡತಿ ಮರಿ ರೊಲೆ ಮತ್ತು ಮೂವರು ಮಕ್ಕಳೊಡನೆ ಅಟ್ಲಾಂಟಿಕ್ ಸಾಗರವನ್ನು ದಾಟಿ, ಪ್ರಾಣಿಗಳ ತುಪ್ಪಟದ ವ್ಯಾಪಾರಕ್ಕೆಂದೇ ಬದುಕಿದ್ದ ಕ್ವಿಬೆಕ್ ಎಂಬ ಸಣ್ಣ ಠಾಣ್ಯದಲ್ಲಿ ಬೇಸಾಯವನ್ನು ನಂಬಿ ಸಂಸಾರ ಹೂಡಿದನು. ಅಲ್ಲಿ ನೆಲೆನಿಂತ ಮೊದಲ ಫ್ರೆಂಚ್ ಕುಟುಂಬ ಇದೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ.

ಆದರೆ ಎಬೇರ್ ಎಂಬ ಮನೆತನದ ಹೆಸರನ್ನೇ ಹಿಡಿದು ಹಿಂದಕ್ಕೆ ನಡೆದವರು ಈತನ ಮನೆಯ ಬಾಗಿಲನ್ನು ತಲುಪುವುದಿಲ್ಲ. ಒಬ್ಬನೇ ಮಗ ಗಿಯೋಮ್ 1639ರಲ್ಲಿ ತೀರಿಕೊಂಡನು. ಗಿಯೋಮನ ಮಗ ಜೋಸೆಫನಿಂದ ವಂಶ ಮುಂದುವರಿಯದೆ ಗಂಡುಸಂತತಿಯ ಎಳೆ ಅಲ್ಲಿಗೇ ಕಡಿಯಿತು. ಉತ್ತರ ಅಮೆರಿಕದಲ್ಲಿ ಇಂದು ಎಬೇರ್ ಎನ್ನಿಸಿಕೊಳ್ಳುವವರು ಬೇರೆ ವಲಸೆಗಾರರ ಕುಡಿಗಳು. ಲೂಯಿಯ ರಕ್ತ ಹರಿದುಬಂದದ್ದು ಮುಖ್ಯವಾಗಿ ಮಗಳು ಗಿಯೆಮೆತ್‌ಳಿಂದ. 1621ರ ಆಗಸ್ಟ್ 26ರಂದು ಗಿಯೋಮ್ ಕುಯಾರ್ ಎಂಬವನ ಕೈಹಿಡಿದ ಆಕೆ ಹತ್ತು ಮಕ್ಕಳನ್ನು ಹೆತ್ತಳು. ಫ್ರೆಂಚ್ ದಾಖಲೆಗಳಲ್ಲಿ ಹೆಂಗಸರನ್ನು ಮದುವೆಯ ನಂತರವೂ ತವರಿನ ಹೆಸರಿನಿಂದಲೇ ಬರೆಯುವ ಪದ್ಧತಿ ಇಲ್ಲದೆಹೋಗಿದ್ದರೆ ಈ ಜಾಡು ಎಂದೋ ಅಳಿಸಿಹೋಗುತ್ತಿತ್ತು.

ಜಾಡು ಹಿಡಿಯುವ ಕೆಲಸ ಸುಲಭವಾದದ್ದಲ್ಲ. 1871ರ ಮೇ ತಿಂಗಳ ದಂಗೆಯಲ್ಲಿ ಪ್ಯಾರಿಸ್ ನಗರಸಭೆಯ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಅಲ್ಲಿಟ್ಟಿದ್ದ ನಗರದ ಹಳೆಯ ಚರ್ಚು ದಾಖಲೆಗಳೂ ಸುಟ್ಟು ಬೂದಿಯಾದವು. ಕ್ವಿಬೆಕ್‌ನ ಕಥೆಯೂ ಇಂಥದೇ. 1640ರಲ್ಲಿ ಅಲ್ಲಿನ ಚರ್ಚು ಬೆಂಕಿಗೆ ಆಹುತಿಯಾಯಿತು. ಜ್ಞಾನಸ್ನಾನ, ಮದುವೆ ಮತ್ತು ಸಮಾಧಿಗಳ ಪುಸ್ತಕಗಳು ಹೋದವು. ಊರಿನವರು ತಮ್ಮ ನೆನಪಿನಿಂದ ಹೇಳಿದ್ದನ್ನು ಆಧರಿಸಿ ಅವನ್ನು ಮತ್ತೆ ಬರೆಯಲಾಯಿತು. ಆದ್ದರಿಂದ ಆ ಮೊದಲ ವರ್ಷಗಳ ಮದುವೆಯೊಂದರ ದಾಖಲೆಯನ್ನು ಈಗ ಓದುವವರು ಶಾಯಿಗಿಂತ ಮೊದಲು ಜನರ ನೆನಪನ್ನು ಓದುತ್ತಾರೆ. ನನಗೆ ಇದು ಕೊರತೆಯೆಂದು ತೋರುವುದಿಲ್ಲ. ಕೆಲವೇ ಮನೆಗಳಿದ್ದ ಊರಿನಲ್ಲಿ ಯಾರ ಮದುವೆ ಎಂದಾಯಿತು ಎಂಬುದನ್ನು ನೆರೆಹೊರೆಯವರು ಮರೆತಿರಲಾರರು.

ಚರ್ಚಿನ ಪುಸ್ತಕಕ್ಕಿಂತ ಹೆಚ್ಚು ಮಾತನಾಡುವುದು ಕರಾರುಪತ್ರ. ಎಬೇರ್ 1606ರಲ್ಲೇ ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿದ್ದ ಫ್ರೆಂಚ್ ವಸಾಹತು ಅಕೇಡಿಯಾದ ಪೋರ್ ರೊಯಾಲ್‌ಗೆ ಹೋಗಿಬಂದಿದ್ದನು. ಮತ್ತೆ ಹೋಗಿದ್ದಾಗ, 1613ರಲ್ಲಿ, ಇಂಗ್ಲಿಷರು ಆ ನೆಲೆಯನ್ನು ಸುಟ್ಟುಹಾಕಿದರು. ಇಷ್ಟಾದರೂ ಆಸೆ ಬಿಡದೆ, ತುಪ್ಪಟದ ಕಂಪನಿಯ ಮಾತನ್ನು ನಂಬಿ ಪ್ಯಾರಿಸ್ಸಿನ ಮನೆಯನ್ನು ಮಾರಿ, ಹೆಂಡತಿ ಮಕ್ಕಳೊಡನೆ ಓನ್‌ಫ್ಲರ್ ಬಂದರಿಗೆ ಬಂದಾಗ ಕಂಪನಿ ತಾನು ಕೊಡುತ್ತೇನೆಂದಿದ್ದ ಸಂಬಳವನ್ನು ಅರ್ಧಕ್ಕೆ ಇಳಿಸಿತು. ಮನೆಮಂದಿಯೆಲ್ಲ ಕಂಪನಿಗಾಗಿ ದುಡಿಯಬೇಕು, ತುಪ್ಪಟದ ವ್ಯಾಪಾರಕ್ಕೆ ಕೈಹಾಕಬಾರದು, ಬೆಳೆದ ಬೆಳೆಯನ್ನು ಫ್ರಾನ್ಸಿನ ಧಾರಣೆಯಲ್ಲಿ ಕಂಪನಿಗೇ ಮಾರಬೇಕು ಎಂದು ಷರತ್ತು ಹಾಕಿತು. ಮಾರಿದ ಮನೆಗೆ ಹಿಂತಿರುಗುವಂತಿಲ್ಲ, ಹಡಗು ಹೊರಡಲು ಸಿದ್ಧವಾಗಿದೆ. ಆತ ಸಹಿ ಹಾಕಿದನು. ಆ ಕಾಗದದಲ್ಲಿ ಅನ್ಯಾಯ ಎಂಬ ಪದ ಇಲ್ಲ, ಆದರೆ ಒಂದೊಂದು ಷರತ್ತಿನಲ್ಲೂ ಅದು ಕಣ್ಣಿಗೆ ಹೊಡೆಯುತ್ತದೆ.

1618ರಲ್ಲಿ ಕ್ವಿಬೆಕ್‌ಗೆ ಬಂದ, ಆ ಠಾಣ್ಯವನ್ನು ಸ್ಥಾಪಿಸಿದ್ದ ಶಾಂಪ್ಲೇನ್ ಅಲ್ಲಿನ ಹೊಲಗಳಲ್ಲಿ ಒಳ್ಳೆಯ ಪೈರನ್ನೂ ತೋಟಗಳಲ್ಲಿ ಎಲೆಕೋಸು, ಮೂಲಂಗಿ, ಸೌತೆ, ಕುಂಬಳ, ಬಟಾಣಿಗಳನ್ನೂ ಕಂಡದ್ದನ್ನು ಬರೆದಿಟ್ಟಿದ್ದಾನೆ. ಎಬೇರನ ಬೇಸಾಯವೆಲ್ಲ ಕೈಯ ಸಲಕರಣೆಗಳಿಂದಲೇ ನಡೆಯಿತು: ಮರ ಕಡಿದು, ಬೇರು ಕಿತ್ತು, ಗುದ್ದಲಿಯಿಂದ ಅಗೆದು ಬಿತ್ತಬೇಕಿತ್ತು. 1623ರಲ್ಲಿ ಆ ನೆಲದ ಹಕ್ಕುಪತ್ರ ಅವನ ಕೈಸೇರಿತು. 1627ರ ಜನವರಿಯಲ್ಲಿ ಮಂಜುಗಡ್ಡೆಯ ಮೇಲೆ ಜಾರಿಬಿದ್ದ ಪೆಟ್ಟಿನಿಂದ ಆತ ಸತ್ತನು. ಎತ್ತು ಕಟ್ಟಿದ ನೇಗಿಲು ಕ್ವಿಬೆಕ್‌ನ ಮಣ್ಣನ್ನು ಮೊದಲ ಬಾರಿ ಸೀಳಿದ್ದು 1628ರ ಏಪ್ರಿಲ್ 27ರಂದು, ಅಳಿಯ ಕುಯಾರನ ಕಾಲದಲ್ಲಿ. ಹತ್ತು ವರ್ಷ ಗುದ್ದಲಿ ಹಿಡಿದವನಿಗೆ ಅದನ್ನು ನೋಡುವ ಭಾಗ್ಯ ಇರಲಿಲ್ಲ.

1629ರಲ್ಲಿ ಕರ್ಕ್ ಸಹೋದರರು ಕ್ವಿಬೆಕ್‌ಅನ್ನು ಇಂಗ್ಲೆಂಡಿನ ಪರವಾಗಿ ಗೆದ್ದಾಗ ಫ್ರೆಂಚರಲ್ಲಿ ಹೆಚ್ಚಿನವರು ಶಾಂಪ್ಲೇನ್‌ನೊಡನೆ ಹಡಗು ಹತ್ತಿದರು; ಈ ಕುಟುಂಬ ತನ್ನ ಹೊಲವನ್ನು ಬಿಟ್ಟು ಕದಲಲಿಲ್ಲ. ಕರ್ಕರೊಡನೆ ಬಂದ ಆಫ್ರಿಕಾ ಮೂಲದ ಹುಡುಗನೊಬ್ಬ ಕೈಯಿಂದ ಕೈಗೆ ದಾಟಿ 1632ರಲ್ಲಿ ಕುಯಾರನ ಮನೆಗೆ ಬಂದನು. ಮರುವರ್ಷ ಅವನಿಗೆ ಒಲಿವಿಯೇ ಎಂದು ಜ್ಞಾನಸ್ನಾನವಾಯಿತು. ಮಗುವಾಗಿದ್ದಾಗಲೇ ಮಾರಾಟವಾಗಿದ್ದ ಅವನನ್ನು 1654ರ ಸಮಾಧಿಯ ದಾಖಲೆ ಮನೆಯಾಳು ಎಂದಷ್ಟೇ ಕರೆಯುತ್ತದೆ. ಪೂರ್ವಜರ ಸಾಹಸವನ್ನು ಅಭಿಮಾನದಿಂದ ಓದುವವರು ಅದೇ ಮನೆಯ ಈ ಸಾಲಿನ ಮುಂದೆಯೂ ಅಷ್ಟೇ ಹೊತ್ತು ನಿಲ್ಲಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ಗಂಡನನ್ನು ಕಳೆದುಕೊಂಡ ಗಿಯೆಮೆತ್ 1666ರಲ್ಲಿ ಮನೆಯನ್ನೂ ಸುತ್ತಲಿನ ಜಾಗವನ್ನೂ ಬಿಷಪ್ ಲವಾಲ್ ಅವರಿಗೆ ಮಾರಿದಳು. ಅವರ ಗುರುಮಠ ಅಲ್ಲೇ ನೆಲೆಯೂರಿತು. ತನ್ನ ಕೊನೆಯ ವರ್ಷಗಳನ್ನು ಆಸ್ಪತ್ರೆ ನಡೆಸುವ ಸನ್ಯಾಸಿನಿಯರ ಆಶ್ರಯದಲ್ಲಿ ಕಳೆದು, 1684ರಲ್ಲಿ ಆಕೆ ಕಣ್ಣುಮುಚ್ಚಿದಳು. ಅಪ್ಪ ಅಗೆದ ನೆಲದ ಒಡೆತನ ಮನೆತನದಿಂದ ಹೊರಗೆ ಹೋದ ಮೇಲೂ ಆಕೆ ಗಿಯೆಮೆತ್ ಎಬೇರಳಾಗಿಯೇ ಇದ್ದಳು.