ಚಿಪ್ಪಿನ ಗೋಡೆಗಳ ಊರು ಕಾದಿಸ್

ಈ ಗೋಡೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕಲ್ಲಿನೊಳಗೆ ಚಿಪ್ಪು ಕಾಣುತ್ತಿದೆ ಅಲ್ವಾ? ಒಂದೆರಡಲ್ಲ, ಗೋಡೆ ತುಂಬಾ ಚಿಪ್ಪು. ಕೈಯಾಡಿಸಿದರೆ ಅಂಗೈಗೆ ತರಿತರಿಯಾಗಿ ತಾಗುತ್ತದೆ. ನಾನು ಕುಂದಾಪುರದ ಕಡೆಯವಳು, ಮುರಕಲ್ಲಿನ ಮನೆಯಲ್ಲೇ ಬೆಳೆದವಳು, ಹಾಗಾಗಿ ತೂತುತೂತು ಕಲ್ಲು ನನಗೆ ಹೊಸದಲ್ಲ. ಆದರೆ ಚಿಪ್ಪು, ಮರಳು ಎಲ್ಲ ಸೇರಿ ಗಟ್ಟಿಯಾದ ಕಲ್ಲನ್ನು ಕಡಿದು ತಂದು ಮನೆ, ಕೋಟೆ, ಚರ್ಚು ಕಟ್ಟಿದ ಊರನ್ನು ನೋಡಿದ್ದು ಇದೇ ಮೊದಲು. ಇದಕ್ಕೆ ಇಲ್ಲಿ ಪಿಯೆದ್ರಾ ಒಸ್ತಿಯೊನೇರಾ ಅನ್ನುತ್ತಾರೆ.

ಇದು ದಕ್ಷಿಣ ಸ್ಪೇನಿನ ಕಾದಿಸ್. ಸೆವಿಯಾದಿಂದ ರೈಲಿನಲ್ಲಿ ಒಂದೂಮುಕ್ಕಾಲು ಗಂಟೆ. ಹಳೇ ಊರಿನ ಸುತ್ತ ನೀರು, ಒಂದು ಸಣ್ಣ ಪಟ್ಟಿಯಷ್ಟು ನೆಲ ಮಾತ್ರ ಆಚೆಗೆ ಕೂಡಿಕೊಂಡಿದೆ. ನನ್ನ ಹತ್ತಿರ ಇದ್ದದ್ದು ಎರಡೇ ದಿನ.

ಮೊದಲು ತವೀರಾ ಗೋಪುರ ಹತ್ತಿದೆ. 1717ರಲ್ಲಿ ಅಮೆರಿಕ ಖಂಡದ ಜೊತೆಗಿನ ಸ್ಪೇನಿನ ವ್ಯಾಪಾರ ನೋಡಿಕೊಳ್ಳುವ ಸರ್ಕಾರಿ ಕಚೇರಿ ಸೆವಿಯಾದಿಂದ ಇಲ್ಲಿಗೆ ಬಂತು. ವ್ಯಾಪಾರಿಗಳು ತಮ್ಮ ಹಡಗು ಬಂತಾ ಅಂತ ನೋಡಲು ಮನೆ ಮೇಲೇ ಗೋಪುರ ಕಟ್ಟಿಸಿಕೊಂಡರು, ಅಂಥವು ನೂರಕ್ಕೂ ಜಾಸ್ತಿ ಇವೆ. ತವೀರಾದ ಮೇಲೆ ಒಂದು ಕತ್ತಲೆ ಕೋಣೆ ಇದೆ. ಚಾವಣಿಯ ಕನ್ನಡಿ ಮತ್ತು ಲೆನ್ಸ್‌ನಿಂದ ಇಡೀ ಊರಿನ ಚಿತ್ರ ಕೆಳಗಿನ ಬಿಳಿ ತಟ್ಟೆಯ ಮೇಲೆ ಬೀಳುತ್ತದೆ. ವಿಡಿಯೊ ಅಲ್ಲ, ಆ ಕ್ಷಣದ್ದೇ! ತಾರಸಿಯಲ್ಲಿ ಒಣಗಲು ಹಾಕಿದ ಬಟ್ಟೆ ಹಾರಾಡುವುದು, ಕಡಲಹಕ್ಕಿ ದಾಟಿ ಹೋಗುವುದು ಎಲ್ಲ ಕಾಣುತ್ತದೆ, ಸದ್ದು ಮಾತ್ರ ಇಲ್ಲ.

ಮಧ್ಯಾಹ್ನ ತೊರ್ತಿಯಿತಾ ದೆ ಕಮರೋನೆಸ್ ತಿಂದೆ. ಕಡಲೆಹಿಟ್ಟು ಬೆರೆಸಿದ ಹಿಟ್ಟಿಗೆ ಸಣ್ಣ ಸಿಗಡಿ ಹಾಕಿ ತೆಳ್ಳಗೆ ಕರಿದಿರುತ್ತಾರೆ. ಎಣ್ಣೆಯಲ್ಲಿ ಕಡಲೆಹಿಟ್ಟು ಬೇಯುವ ಆ ವಾಸನೆಗೆ ಮನೆ ನೆನಪಾಯಿತು.

ಆದರೆ ಈ ಊರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮ್ಯೂಸಿಯಂ. ಕಾದಿಸ್ ಕಟ್ಟಿದವರು ಫಿನೀಷಿಯನ್ನರು, ಅಂದರೆ ಈಗಿನ ಲೆಬನಾನ್ ಕರಾವಳಿಯಿಂದ ಬಂದ ಪ್ರಾಚೀನ ಕಡಲ ವ್ಯಾಪಾರಿಗಳು. ಆಗ ಊರಿನ ಹೆಸರು ಗಾದಿರ್. ಅವರ ಕಾಲದ ಎರಡು ಅಮೃತಶಿಲೆಯ ಶವಪೆಟ್ಟಿಗೆಗಳು ಇಲ್ಲಿ ಅಕ್ಕಪಕ್ಕ ಇವೆ, ಮುಚ್ಚಳದ ಮೇಲೆ ಮನುಷ್ಯರ ರೂಪ. ಗಡ್ಡದ ಗಂಡಸಿನದು 1887ರಲ್ಲಿ ಸಿಕ್ಕಿತು. ಮ್ಯೂಸಿಯಂನ ನಿರ್ದೇಶಕರಾಗಿದ್ದ ಪೆಲಾಯೊ ಕಿಂತೇರೊ ಅವರಿಗೆ, ಇದಕ್ಕೆ ಜೋಡಿಯಾಗಿ ಹೆಂಗಸಿನದೂ ಇದ್ದೇ ಇರಬೇಕು ಅನ್ನುವ ನಂಬಿಕೆ. ವರ್ಷಗಟ್ಟಲೆ ಹುಡುಕಿದರು, ಸಿಗಲಿಲ್ಲ. 1946ರಲ್ಲಿ ತೀರಿಕೊಂಡರು. 1980ರಲ್ಲಿ ಅವಳು ಸಿಕ್ಕಳು. ಎಲ್ಲಿ ಗೊತ್ತಾ? ಅವರ ಮನೆ ಇದ್ದ ಜಾಗದಲ್ಲೇ, ನೆಲದಡಿ. ಅವಳ ಕೈಯಲ್ಲಿ ಒಂದು ಪುಟ್ಟ ಸುಗಂಧದ ಕುಡಿಕೆ ಇದೆ, ಬೆರಳು ಎಷ್ಟು ಮೃದುವಾಗಿ ಅದನ್ನು ಹಿಡಿದಿವೆ ನೋಡಿ. ಕಿಂತೇರೊ ದಿನಾ ಆ ಪೆಟ್ಟಿಗೆಯ ಮೇಲೆಯೇ ಓಡಾಡಿದ್ದರು ಅನ್ನುವುದು ನೆನಪಾಗಿ ಕಣ್ಣು ತುಂಬಿ ಬಂತು. ಎದ್ದು ಬರಲು ಮನಸ್ಸಾಗಲಿಲ್ಲ, ಸುಮ್ನೆ ಬೆಂಚಿನ ಮೇಲೆ ಕೂತಿದ್ದೆ.

ಸ್ಪೇನಿನ 1812ರ ಸಂವಿಧಾನ ಬರೆದ ಚರ್ಚನ್ನು ಹೊರಗಿನಿಂದಷ್ಟೇ ನೋಡಿದೆ, ಬಾಗಿಲು ಹಾಕಿತ್ತು.

ಈಗ ಲಾ ಕಲೇತಾ ಬೀಚು. ಗಾಳಿಯ ಸದ್ದು ಜಾಸ್ತಿ ಇದೆ, ಕ್ಷಮಿಸಿ. ಆಚೆಗೊಂದು ಕೋಟೆ, ಈಚೆಗೊಂದು ಕೋಟೆ, ನಡುವೆ ಸಣ್ಣ ದೋಣಿಗಳು. ಸೂರ್ಯ ನೇರ ಅಟ್ಲಾಂಟಿಕ್‌ಗೆ ಇಳಿಯುತ್ತಿದ್ದಾನೆ. ನಾಳೆ ರೈಲು ಹತ್ತುವ ಮೊದಲು ಮೀನಿನ ಮಾರ್ಕೆಟ್ಟಿಗೆ ಹೋಗೋಣ, ಬೆಳಗ್ಗೆ ಬೇಗ ಏಳಬೇಕು.