ಅಕ್ಕಿ ಮೂಟೆ 26 ಕೆಜಿ ಯಾಕೆ? ಮಳೆಗಾಲದ ದಿನಸಿ ಲೆಕ್ಕ

[ದೃಶ್ಯ: ಅಡುಗೆಮನೆಯ ಮೂಲೆಯಲ್ಲಿ ಅಕ್ಕಿ ಮೂಟೆ. ಬೆರಳು ತೂಕದ ಅಂಕಿಯ ಮೇಲೆ ನಿಲ್ಲುತ್ತದೆ.]

ನಮಸ್ಕಾರ. ಈ ಮೂಟೆಯ ಮೇಲೆ ಏನು ಬರೆದಿದೆ ನೋಡಿ. 26 ಕೆಜಿ. 25 ಅಲ್ಲ, 30 ಅಲ್ಲ, 26.

ನಮ್ಮ ಕೊಡಗಿನ ಗೋಣಿಕೊಪ್ಪದ ಕಡೆಯಿಂದ ಒಬ್ಬರು ಅಕ್ಕ ಮೆಸೇಜ್ ಕಳಿಸಿದ್ದರು. "ಮಳೆ ಹಿಡಿಯುವ ಮೊದಲು ಸಾಮಾನು ತುಂಬಿಸಿಡಬೇಕು. ಮೂಟೆನೇ ತರೋದಾ, ಇಲ್ಲ 10 ಕೆಜಿ ಪ್ಯಾಕೆಟ್ ತರೋದಾ? ಖರ್ಚು ಕಡಿಮೆ ಮಾಡೋಣ ಅಂತ ನೋಡ್ತಾ ಇದ್ದೀನಿ. ಮತ್ತೆ ಈ 26 ಕೆಜಿ ಯಾವ ಲೆಕ್ಕ? ಮೊದಲು 25 ಇರಲಿಲ್ವಾ?" ಅಂತ.

ಪಟ್ಟಿ ಬರೆದುಕೊಂಡು ಅಂಗಡಿಗೆ ಹೋಗಿ, ಹಸಿದುಕೊಂಡು ಹೋಗಬೇಡಿ, ಆಫರ್ ಕಂಡ ತಕ್ಷಣ ಕೈ ಹಾಕಬೇಡಿ. ಇದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಮತ್ತೆ ಹೇಳುವುದಿಲ್ಲ. ನನಗೆ ಹಿಡಿಸಿದ್ದು ಆ 26.

[ದೃಶ್ಯ: ಕಪ್ಪು ಹಲಗೆ, ಸೀಮೆಸುಣ್ಣ.]

2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ 5% ಜಿಎಸ್‌ಟಿ ಬಂತು. ಆದರೆ ಅದು 25 ಕೆಜಿವರೆಗಿನ ಪ್ಯಾಕೆಟ್‌ಗಳಿಗೆ ಮಾತ್ರ. ತೂಕ-ಅಳತೆ ಕಾನೂನಿನಲ್ಲಿ 25 ಕೆಜಿ ದಾಟಿದ ಮೂಟೆಯನ್ನು ಚಿಲ್ಲರೆ ಪ್ಯಾಕೆಟ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಅದಕ್ಕೆ ಈ ತೆರಿಗೆ ಇಲ್ಲ.

ಈಗ ಲೆಕ್ಕ ಹಾಕೋಣ. ಅಕ್ಕಿ ಕೆಜಿಗೆ 52 ರೂಪಾಯಿ ಅಂತ ಇಟ್ಟುಕೊಳ್ಳಿ. 25 ಕೆಜಿಗೆ 1300. ಅದರ ಮೇಲೆ 5% ಅಂದರೆ 65. ಒಟ್ಟು 1365. ಈಗ 26 ಕೆಜಿ. 26 ಸಲ 52, 1352. ತೆರಿಗೆ ಇಲ್ಲ, ಅಷ್ಟೇ.

ಇನ್ನೊಂದು ಸಲ ನೋಡಿ. ಒಂದು ಕೆಜಿ ಅಕ್ಕಿ ಜಾಸ್ತಿ ಬಂತು, ಕೊಡುವ ದುಡ್ಡು 13 ರೂಪಾಯಿ ಕಡಿಮೆಯಾಯಿತು! ಇದನ್ನು ಮೊದಲ ಸಲ ಹಲಗೆಯ ಮೇಲೆ ಬರೆದಾಗ ನಾನು ಎರಡು ಸಲ ಅಳಿಸಿ ಬರೆದೆ. ನಮ್ಮಮ್ಮನನ್ನು ಕರೆದು ತೋರಿಸಿದೆ. ಅವರು ಬೆರಳಲ್ಲೇ ಎಣಿಸಿ, "ಹೌದಲ್ಲ" ಅಂದರು. ಅಕ್ಕಿ ಮಿಲ್‌ನವರು ಒಂದು ಕೆಜಿ ಜಾಸ್ತಿ ತುಂಬಿದ್ದಕ್ಕೆ ಕಾರಣ ಇದೇ. ತೂಕದಲ್ಲಿ ಮೋಸ ಏನೂ ಇಲ್ಲ ಅಕ್ಕ, ಧೈರ್ಯವಾಗಿರಿ.

ಇನ್ನೊಂದು ವಿಷಯ. ಅಂಗಡಿಯವರು ದೊಡ್ಡ ಮೂಟೆ ಬಿಚ್ಚಿ, ನಿಮ್ಮೆದುರೇ ತೂಗಿ ಬಿಡಿಯಾಗಿ ಕೊಟ್ಟರೆ ಅದಕ್ಕೂ ಈ ತೆರಿಗೆ ಇಲ್ಲ. ಅಂದರೆ ಇಬ್ಬರೇ ಇರುವ ಮನೆಯವರು ತೆರಿಗೆ ಉಳಿಸಲು ಮೂಟೆ ಹೊರಬೇಕಾಗಿಲ್ಲ. ಐದು ಕೆಜಿ ಬಿಡಿ ಅಕ್ಕಿ ತಂದರೆ ಸಾಕು.

ಹಾಗಾದರೆ ಎಲ್ಲರೂ ಮೂಟೆನೇ ತರಬಹುದಲ್ವಾ? ಇಲ್ಲ. ನಿಜವಾದ ಲೆಕ್ಕ ಶುರುವಾಗುವುದೇ ಇಲ್ಲಿಂದ.

[ದೃಶ್ಯ: ಅಕ್ಕಿ ಡಬ್ಬದಿಂದ ಪಾವಿನಲ್ಲಿ ಅಕ್ಕಿ ತೆಗೆದು, ಕೈಯಿಂದ ಮೇಲ್ಭಾಗ ಸವರಿ, ತಕ್ಕಡಿಗೆ ಸುರಿಯುವುದು.]

ಇದು ನಮ್ಮ ಮನೆಯ ಪಾವು. ಅಂಚು ಸ್ವಲ್ಪ ಬಗ್ಗಿದೆ. ಸರಿಯಾಗಿ ತುಂಬಿ, ಸವರಿ ತೂಗಿದರೆ 210 ಗ್ರಾಂ. ನಿಮ್ಮ ಮನೆಯದು ಬೇರೆ ಇರಬಹುದು, ತೂಗಿ ನೋಡಿ. ನಾವು ನಾಲ್ಕು ಜನ. ಅನ್ನ, ರೊಟ್ಟಿ, ಕಡುಬು ಎಲ್ಲ ಸೇರಿ ದಿನಕ್ಕೆ ಮೂರು ಪಾವು. 630 ಗ್ರಾಂ. ಹಾಗಾದರೆ 26 ಕೆಜಿ ಮೂಟೆ ನಮಗೆ 41 ದಿನ ಬರುತ್ತದೆ.

ನಾವು ತರುತ್ತಿದ್ದದ್ದು ಮಾತ್ರ ತಿಂಗಳಿಗೊಂದು ಮೂಟೆ. ಯಾಕೆ? ತಿಂಗಳ ಪಟ್ಟಿಯ ಮೊದಲ ಸಾಲಿನಲ್ಲಿ ಯಾವಾಗಲೂ "ಅಕ್ಕಿ 1 ಮೂಟೆ" ಅಂತ ಇರುತ್ತಿತ್ತು. ವರ್ಷಕ್ಕೆ 12 ಮೂಟೆ, 312 ಕೆಜಿ. ತಿನ್ನುವುದು 230 ಕೆಜಿ. ಉಳಿದ 82 ಕೆಜಿ? ಹೊಸ ಅಕ್ಕಿಯನ್ನು ಹಳೆ ಅಕ್ಕಿಯ ಮೇಲೇ ಸುರಿಯುತ್ತಿದ್ದೆವು. ಅಡಿಯ ಅಕ್ಕಿ ಅಡಿಯಲ್ಲೇ ಉಳಿಯಿತು. ಒಂದಷ್ಟು ಕೋಳಿಗೆ ಹೋಯಿತು, ಒಂದಷ್ಟು ಹುಳ ಬಿದ್ದು ಹೋಯಿತು. 52 ರೂಪಾಯಿಯಂತೆ ನಾಲ್ಕು ಸಾವಿರಕ್ಕೂ ಜಾಸ್ತಿ. ಕೆಜಿಗೆ ಒಂದು ರೂಪಾಯಿ ಕಡಿಮೆ ಸಿಗುತ್ತದೆ ಅಂತ ಮೂರು ಅಂಗಡಿ ಸುತ್ತಿದರೂ ಇಷ್ಟು ಉಳಿಯುವುದಿಲ್ಲ.

[ದೃಶ್ಯ: ಅಂಗೈಯಲ್ಲಿ ಅಕ್ಕಿ ಕಾಳು, ಹತ್ತಿರದಿಂದ. ಸಣ್ಣ ತೂತು ಕಾಣುತ್ತದೆ.]

ಹುಳದ ಬಗ್ಗೆ ಒಂದು ಮಾತು. ಈ ಕಾಳಿನಲ್ಲಿ ಸೂಜಿ ಮೊನೆಯಷ್ಟು ತೂತು ಕಾಣುತ್ತದಾ? ಹೆಣ್ಣು ಹುಳ ಕಾಳನ್ನು ಕೊರೆದು, ಒಳಗೆ ಒಂದೇ ಒಂದು ಮೊಟ್ಟೆ ಇಟ್ಟು, ಮೇಲೆ ಅಂಟಿನಿಂದ ಮುಚ್ಚಿಬಿಡುತ್ತದೆ. ಮರಿ ಒಳಗೇ ತಿಂದು ಬೆಳೆಯುತ್ತದೆ. ದೊಡ್ಡದಾದ ಮೇಲೆ ಹೊರಗೆ ಬರುವಾಗ ಮಾಡುವ ತೂತು ಇದು. ಅಂದರೆ ನಮ್ಮ ಕಣ್ಣಿಗೆ ಹುಳ ಕಾಣುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಇದಕ್ಕೆ ಬೇಕಾಗಿರುವುದು ತೇವ. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬರುವ ಮಡಿಕೇರಿಯಂಥ ಊರಿನಲ್ಲಿ ತೇವಕ್ಕೆ ಬರ ಇದೆಯೇ? ಉಪ್ಪೇ ನೀರಾಗುತ್ತದೆ. ಬೆಂಗಳೂರಿನವರು ಮಾಡುವ ವಿಡಿಯೋಗಳಲ್ಲಿ "ಜಾಸ್ತಿ ತಗೊಳ್ಳಿ, ಉಳಿಯುತ್ತೆ" ಅಂತ ಹೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಆ ಮಾತನ್ನು ಹಾಗೇ ನಂಬಬೇಡಿ.

ಹಾಗಂತ ದಾಸ್ತಾನೇ ಬೇಡ ಅಂತ ನಾನು ಹೇಳುವುದಿಲ್ಲ. 2018ರ ಆಗಸ್ಟ್ ನೆನಪಿದೆಯಲ್ವಾ? ಗುಡ್ಡ ಕುಸಿದು, ರಸ್ತೆ ಹೋಗಿ, ಕರೆಂಟ್ ಇಲ್ಲದೆ ಎಷ್ಟು ಮನೆಗಳು ಕೂತಿದ್ದವು. ಅದಾದ ಮೇಲೆ ನಮ್ಮ ಓಣಿಯಲ್ಲಿ ಮೇ ತಿಂಗಳಲ್ಲೇ ಎಲ್ಲರೂ ಹೆದರಿ ತುಂಬಿಸಿಕೊಳ್ಳುತ್ತಾರೆ. ಆ ಹೆದರಿಕೆ ಸುಮ್ನೆ ಬಂದದ್ದಲ್ಲ. ಅದಕ್ಕೆ ನನ್ನ ಅಭಿಪ್ರಾಯ ಇಷ್ಟು: ದಿನದ ಖರ್ಚಿನ ಜೊತೆಗೆ 15 ದಿನದ ಊಟ ಮನೆಯಲ್ಲಿ ಯಾವಾಗಲೂ ಇರಲಿ. ನಮ್ಮ ಮನೆಗೆ ಅದು ಸುಮಾರು ಒಂಬತ್ತೂವರೆ ಕೆಜಿ ಅಕ್ಕಿ. ಅದನ್ನು ಬೇರೆ ಡಬ್ಬದಲ್ಲಿ, ತಾರೀಖು ಬರೆದು ಇಡುತ್ತೇವೆ. ಹೊಸ ಮೂಟೆ ಬಂದಾಗ ಮೊದಲು ಆ ಡಬ್ಬ ಖಾಲಿ ಮಾಡಿ, ಹೊಸ ಅಕ್ಕಿ ಅದಕ್ಕೆ ತುಂಬುತ್ತೇವೆ.

ಮಳೆಗೆ ಮೊದಲು ತಂದಿಡಬಹುದಾದದ್ದು: ಅಕ್ಕಿ, ಎಣ್ಣೆ, ಬೆಲ್ಲ, ಗಾಳಿಯಾಡದ ಡಬ್ಬದಲ್ಲಿ ಉಪ್ಪು, ಮೇ ಬಿಸಿಲಿಗೆ ಚೆನ್ನಾಗಿ ಒಣಗಿಸಿದ ಬೇಳೆ, ಇಡಿ ಮೆಣಸಿನಕಾಯಿ. ರವೆ, ಮೈದಾ, ಕಡಲೆಹಿಟ್ಟು, ಖಾರದ ಪುಡಿ ಎರಡು ವಾರಕ್ಕೆ ಬೇಕಾದಷ್ಟೇ ಸಾಕು. ರವೆ ಜಾಸ್ತಿ ತಂದುಬಿಟ್ಟರೆ ಪ್ಯಾಕೆಟ್ ಸಮೇತ ನಾಲ್ಕು ದಿನ ಫ್ರೀಜರಿನಲ್ಲಿಟ್ಟು ತೆಗೆಯಿರಿ, ಮೊಟ್ಟೆ ಇದ್ದರೂ ಸಾಯುತ್ತದೆ. ಹುಣಸೆಹಣ್ಣು ರಾಶಿ ತರಬೇಡಿ, ಮನೆಯಲ್ಲಿ ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಹುಳಿ ರಸದ ಬಾಟ್ಲಿ ಇದ್ದೇ ಇರುತ್ತದಲ್ಲ.

ತರಕಾರಿ ಖರ್ಚನ್ನು ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ತೋಟವೇ ಅರ್ಧ ನೋಡಿಕೊಳ್ಳುತ್ತದೆ. ಕೆಸ ಇದೆ, ಕಣಿಲೆ (ಎಳೆ ಬಿದಿರು) ಇದೆ, ಮದ್ದು ಸೊಪ್ಪು ಇದೆ. ಕಣಿಲೆಯನ್ನು ಮಾತ್ರ ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಎರಡು ಮೂರು ದಿನ ಬಿಡಲೇಬೇಕು. ಹಸಿ ಕಣಿಲೆಯಲ್ಲಿ ವಿಷದ ಅಂಶ ಇರುತ್ತದೆ. ಗುರುತು ಗೊತ್ತಿಲ್ಲದ ಅಣಬೆಗೆ ಕೈ ಹಾಕಬೇಡಿ. ದುಡ್ಡು ಉಳಿಸುವುದಕ್ಕೆ ಜೀವ ಪಣಕ್ಕಿಡುವುದು ಬೇಡ.

[ದೃಶ್ಯ: ಮೇಜಿನ ಮೇಲೆ 100 ರೂಪಾಯಿಯ ಚಿಲ್ಲರೆ.]

ಕೇಂದ್ರ ಸರ್ಕಾರ 2023-24ರಲ್ಲಿ ಮನೆ ಖರ್ಚಿನ ಸಮೀಕ್ಷೆ ಮಾಡಿತು. ದೇಶದ ಹಳ್ಳಿ ಮನೆಗಳಲ್ಲಿ ಖರ್ಚಾಗುವ 100 ರೂಪಾಯಿಯಲ್ಲಿ ಸರಾಸರಿ 47 ರೂಪಾಯಿ ಊಟ ತಿಂಡಿಗೆ ಹೋಗುತ್ತದೆ. ಅಕ್ಕಿ, ಗೋಧಿಯಂಥ ಧಾನ್ಯಕ್ಕೆ ಎಷ್ಟು? ಸುಮಾರು 5. ಪಾನೀಯ, ಪ್ಯಾಕೆಟ್ ತಿಂಡಿ, ಹೊರಗಿನ ತಯಾರಿ ತಿಂಡಿ ಎಲ್ಲ ಸೇರಿ ಸುಮಾರು 10. ಡಬಲ್! ನಾವು ಚೌಕಾಸಿ ಮಾಡುವುದು ಅಕ್ಕಿಯ ಹತ್ತಿರ, ದುಡ್ಡು ಸೋರುವುದು ಬಿಸ್ಕತ್ತಿನ ಹತ್ತಿರ. ಮಳೆಗಾಲದ ಸಂಜೆ ಬಿಸಿ ಕಾಫಿ ಜೊತೆ ಮಕ್ಕಳಿಗೆ ಏನಾದರೂ ಬೇಕು, ನನಗೂ ಬೇಕು. ಅದನ್ನು ನಿಲ್ಲಿಸಿ ಅಂತ ಹೇಳುವುದಿಲ್ಲ. ಆದರೆ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು, ಒಂದು ಮೊತ್ತ ಇರಲಿ.

ವಿಡಿಯೋ ಉದ್ದ ಆಗುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಎಣ್ಣೆ. ಒಂದು ಲೀಟರ್ ಅಡುಗೆ ಎಣ್ಣೆಯ ತೂಕ ಸುಮಾರು 910 ಗ್ರಾಂ. ನೋಡಲು ಅದೇ ಥರ ಇರುವ ಪ್ಯಾಕೆಟ್‌ನಲ್ಲಿ 800 ಗ್ರಾಂ ಇರಬಹುದು. 800 ಗ್ರಾಂಗೆ 130 ರೂಪಾಯಿ, ಲೀಟರ್‌ಗೆ 140 ಅಂತ ಇದ್ದರೆ ನಮ್ಮ ಕೈ 130ರ ಕಡೆ ಹೋಗುತ್ತದೆ. ಕೆಜಿ ಲೆಕ್ಕದಲ್ಲಿ ನೋಡಿ: ಮೊದಲನೆಯದು 162 ರೂಪಾಯಿ 50 ಪೈಸೆ, ಎರಡನೆಯದು 154ರ ಹತ್ತಿರ. ಎರಡೂ ಪ್ಯಾಕೆಟ್ ಒಂದೇ ಅಳತೆಯಲ್ಲಿದ್ದರೆ, ಎರಡೂ ಗ್ರಾಂ ಅಥವಾ ಎರಡೂ ಲೀಟರ್, ಈ ಭಾಗಾಕಾರ ನೀವು ಮಾಡಬೇಕಾಗಿಲ್ಲ. 2021ರಲ್ಲಿ ನಿಯಮ ತಿದ್ದಿದರು, ಹಾಗಾಗಿ ಎಂಆರ್‌ಪಿ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಗ್ರಾಂಗೆ ಅಥವಾ ಕೆಜಿಗೆ ಎಷ್ಟು, ಮಿಲಿಲೀಟರ್‌ಗೆ ಅಥವಾ ಲೀಟರ್‌ಗೆ ಎಷ್ಟು ಅಂತ ಹಾಕಿರುತ್ತಾರೆ. ಯುಎಸ್‌ಪಿ (ಯೂನಿಟ್ ಸೇಲ್ ಪ್ರೈಸ್) ಅಂತ ಇರುತ್ತದೆ, ಹುಡುಕಿ.

ಉದ್ರಿ. ನಮ್ಮ ಕಡೆ ಕಾಫಿ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಅಲ್ಲಿಯವರೆಗೆ ಅಂಗಡಿಯ ಪುಸ್ತಕದಲ್ಲಿ ಬರೆಸುತ್ತೇವೆ. ಬರೆಸುವಾಗ ಯಾರೂ ರೇಟು ಕೇಳುವುದಿಲ್ಲ. "ಅಣ್ಣ, ಸಾಮಾನಿನ ಪಕ್ಕ ರೇಟೂ ಬರೆದುಬಿಡಿ" ಅಂತ ಹೇಳಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ವಾರದ ಬಟವಾಡೆ ಸಿಗುವವರು ಸಂತೆಯ ದಿನಕ್ಕೆ ಒಂದು ಮೊತ್ತ ಬೇರೆ ತೆಗೆದಿಟ್ಟು, ಅಷ್ಟನ್ನೇ ಜೇಬಲ್ಲಿಟ್ಟು ಹೋಗುವುದು ಒಳ್ಳೆಯದು. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ ತರಕಾರಿ ರೇಟು ಇಳಿಯುತ್ತದೆ, ಆದರೆ ಮಳೆಯಲ್ಲಿ ನೆನೆದ ಟೊಮೆಟೊ ಮಾರನೇ ದಿನಕ್ಕೇ ಕೊಳೆಯುತ್ತದೆ. ಆ ಹೊತ್ತಿಗೆ ಹೋದರೆ ಕುಂಬಳ, ಗೆಡ್ಡೆ, ಈರುಳ್ಳಿ ನೋಡಿ.

[ದೃಶ್ಯ: ಮತ್ತೆ ಅದೇ ಪಾವು.]

ಗೋಣಿಕೊಪ್ಪದ ಅಕ್ಕನಿಗೆ ವಿಡಿಯೋ ಮಾಡುವ ಮೊದಲೇ ಉತ್ತರ ಕಳಿಸಿದ್ದೆ. ಅವರು ಒಂದು ವಾರ ದಿನಾ ಪಾವು ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಟ್ಟರಂತೆ. ನಿನ್ನೆ ಫೋಟೋ ಕಳಿಸಿದ್ದಾರೆ. ಈ ಸಲ ಮಳೆಗೆ ನಾಲ್ಕು ಮೂಟೆ ತರುವ ಯೋಚನೆ ಇತ್ತಂತೆ. ಈಗ ಎರಡೇ ತರುತ್ತಾರೆ.